ಚಿತ್ರಸಂತೆಯಲ್ಲಿ ಬೆಳಗಿದ ಕೆಂಪು ನಡುಮನೆಯಲ್ಲಿ ಯಾಕೆ ಮಂಕಾಯಿತು?

ಪ್ರಶ್ನೆ: ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ಒಂದು ಅಮೂರ್ತ ಚಿತ್ರ ಕೊಂಡೆವು. ಐದಡಿ ಅಗಲ, ನಾಲ್ಕಡಿ ಎತ್ತರ, ಕ್ಯಾನ್ವಾಸ್ ಮೇಲೆ ಅಕ್ರಿಲಿಕ್. ಕೆಂಪು, ಕಪ್ಪು, ನಡುವೆ ಮೇಲಿಂದ ಕೆಳಕ್ಕೆ ಒಂದು ನೀಲಿ ಪಟ್ಟೆ. ಅಲ್ಲಿ ಅದರಿಂದ ಕಣ್ಣು ಕೀಳಲಾಗಲಿಲ್ಲ. ಶಿವಮೊಗ್ಗದ ನಮ್ಮ ಹೊಸ ಮನೆಗೆ ತಂದು ಹಾಕಿದ ಮೇಲೆ ಕೆಂಪೆಲ್ಲ ಇಟ್ಟಿಗೆ ಪುಡಿಯ ಬಣ್ಣಕ್ಕೆ ಬಂದಿದೆ. ಹಾಲ್ 14ಕ್ಕೆ 18 ಅಡಿ, ಫಾಲ್ಸ್ ಸೀಲಿಂಗ್ ಒಂಬತ್ತಡಿಗೆ, ಗೋಡೆಗೆ ತಿಳಿ ಹಸಿರು, 20 ವಾಟ್‌ನ ಎರಡು ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್. ಚಿತ್ರ ಇರುವುದು ಪೂರ್ವದ ಗೋಡೆಯಲ್ಲಿ, ಈಶಾನ್ಯ ಮೂಲೆಗೆ ಹತ್ತಿರ. ಎದುರಿಗೆ ಪಶ್ಚಿಮದ ಕಿಟಕಿ, ಅದರ ಕೆಳಗೆ ಸೋಫಾ. ಚಿತ್ರದ ಪಕ್ಕ ಟಿವಿ, ಟಿವಿಯ ಹಿಂದೆ ಕಪ್ಪು-ಬಿಳಿ ಪಟ್ಟಿಗಳ ಲೂವರ್ ಪ್ಯಾನೆಲ್. ನಮ್ಮ ಮಾವನವರಿಗೆ 74 ವರ್ಷ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಇನ್ನೂ ಆಗಿಲ್ಲ. ಮುಸ್ಸಂಜೆ ಸೋಫಾದಲ್ಲಿ ಕೂತರೆ ಚಿತ್ರದೊಳಗೆ ಯಾರೋ ನಿಂತಂತೆ ಕಾಣುತ್ತದೆ, ಮನಸ್ಸಿಗೆ ಸರಿಬರುವುದಿಲ್ಲ ಎನ್ನುತ್ತಾರೆ. ಮಗಳಿಗೆ 14, ಅರೆತಲೆನೋವಿದೆ, ಈ ಮನೆಗೆ ಬಂದ ಮೇಲೆ ಹೆಚ್ಚಾಗಿದೆ. ಈಶಾನ್ಯದಲ್ಲಿ ಕೆಂಪು ಇಟ್ಟದ್ದೇ ತಪ್ಪು ಎಂದು ನಾದಿನಿ ಹೇಳುತ್ತಾಳೆ. ಅಮೂರ್ತ ಚಿತ್ರ ಒತ್ತಡ ಇಳಿಸುತ್ತದೆ ಎಂದು ನಮ್ಮ ಮನೆಯವರು ಎಲ್ಲೋ ಓದಿದ್ದಾರೆ. ಯಾರ ಮಾತು ನಿಜ? ಚಿತ್ರ ಮಾರಿಬಿಡಬೇಕೆ, ಗೋಡೆಗೆ ಬೇರೆ ಬಣ್ಣ ಹೊಡೆಸಬೇಕೆ? ಗೋಡೆಯ ಆಚೆ ಬಚ್ಚಲುಮನೆ ಇದೆ, ಮಳೆಗಾಲದಲ್ಲಿ ಸ್ವಲ್ಪ ಥಂಡಿ ಹೊಡೆಯುತ್ತದೆ, ಅದನ್ನೂ ತಿಳಿಸುತ್ತಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಬಣ್ಣ ಮಂಕಾಗಿದೆ, ಮಾವನವರಿಗೆ ಯಾರೋ ಕಾಣುತ್ತಾರೆ, ಮಗಳಿಗೆ ತಲೆನೋವು. ಮೂರನ್ನೂ ಸೇರಿಸಿ ಚಿತ್ರದ ತಲೆಗೆ ಕಟ್ಟಿದ್ದೀರಿ. ಬಿಡಿಸಿ ನೋಡಿದರೆ ಮೊದಲನೆಯದಕ್ಕೆ ಕಾರಣ ನಿಮ್ಮ ಟ್ಯೂಬ್‌ಲೈಟ್, ಎರಡನೆಯದಕ್ಕೆ ಮುಸ್ಸಂಜೆಯ ಬೆಳಕು ಮತ್ತು ಪೊರೆ, ಮೂರನೆಯದಕ್ಕೆ ಬಹುಶಃ ಆ ಲೂವರ್ ಪ್ಯಾನೆಲ್. ಚಿತ್ರ ಮಾರುವುದೂ ಬೇಡ, ಗೋಡೆಗೆ ಬಣ್ಣ ಹೊಡೆಸುವುದೂ ಸದ್ಯಕ್ಕೆ ಬೇಡ. ಚಿತ್ರದ ಜಾಗ ಮಾತ್ರ ಬದಲಾಗಬೇಕು. ಅದಕ್ಕೆ ಕಾರಣ ವಾಸ್ತು ಅಲ್ಲ, ಬಿಸಿಲು ಮತ್ತು ಬಚ್ಚಲು.

ಮೊದಲು ಮನೆಯಲ್ಲಿ ಎದ್ದಿರುವ ಎರಡು ವಾದಗಳನ್ನು ನೋಡೋಣ.

ಕೆಂಪು ಉದ್ರೇಕಿಸುತ್ತದೆ, ನೀಲಿ ತಣಿಸುತ್ತದೆ, ಗುಲಾಬಿ ಸಿಟ್ಟು ಇಳಿಸುತ್ತದೆ ಎಂಬ ಮಾತುಗಳನ್ನು ಬಣ್ಣದ ಕಂಪನಿಗಳ ಶೇಡ್ ಕಾರ್ಡ್‌ನಿಂದ ವಾಸ್ತು ಸಲಹೆಗಾರರವರೆಗೆ ಎಲ್ಲರೂ ಹೇಳುತ್ತಾರೆ. ಪರೀಕ್ಷೆಗೆ ಒಡ್ಡಿದಾಗ ಇವು ನಿಲ್ಲುವುದು ಕಷ್ಟ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಸೆರೆಮನೆಯಲ್ಲಿ ಒಂದು ಕೋಣೆಗೆ ಗಾಢ ಗುಲಾಬಿ ಬಳಿದರು, ಕೈದಿಗಳ ಜಗಳ ಇಳಿಯಿತು ಎಂದರು. ಸುದ್ದಿ ಹಬ್ಬಿ ಹಲವು ದೇಶಗಳ ಸೆರೆಮನೆಗಳು ಗುಲಾಬಿಯಾದವು. ಸ್ವಿಟ್ಜರ್ಲೆಂಡಿನಲ್ಲಿ ಗುಲಾಬಿ ಕೋಣೆಯ ಕೈದಿಗಳನ್ನು ಮಾಮೂಲಿ ಕೋಣೆಯವರೊಂದಿಗೆ ಸರಿಯಾಗಿ ಹೋಲಿಸಿದಾಗ ವ್ಯತ್ಯಾಸವೇ ಸಿಗಲಿಲ್ಲ. ಒಂದು ಬಣ್ಣಕ್ಕೆ ಒಂದು ಪರಿಣಾಮ ಎಂದು ಬರೆದಿಟ್ಟ ಪಟ್ಟಿಯನ್ನು ನಂಬಿ ಮನೆ ಕಟ್ಟಬೇಡಿ. ಈಶಾನ್ಯದ ಕೆಂಪು ಮನೆಗೆ ಕೆಡುಕು ಎನ್ನುವುದಕ್ಕೂ ಆಧಾರವಿಲ್ಲ. ಆದರೆ ಮನೆಯವರೊಬ್ಬರಿಗೆ ಅದು ದಿನಾ ಚುಚ್ಚುತ್ತಿದ್ದರೆ ಆ ಚುಚ್ಚುವಿಕೆ ನಿಜವೇ. ಜಾಗ ಹೇಗೂ ಬದಲಾಗುತ್ತದೆ, ನಾದಿನಿಯೊಂದಿಗೆ ವಾದ ಮಾಡಬೇಕಾಗಿಲ್ಲ.

ನಿಮ್ಮ ಮನೆಯವರು ಓದಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಓದಿದ್ದಾರೆ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನ ಬಹಳ ಪ್ರಸಿದ್ಧ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳಲ್ಲಿ ಅರ್ಧ ಜನರಿಗೆ ಕಿಟಕಿಯಲ್ಲಿ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿ ಅವರಿಗೆ ಕಡಿಮೆ ಬೇಕಾಯಿತು. ಉಲ್ರಿಚ್ ಅವರೇ ಸಂಗಡಿಗರೊಂದಿಗೆ ಸ್ವೀಡನ್ನಿನ ಉಪ್ಸಲಾದಲ್ಲಿ ಹೃದಯದ ಆಪರೇಷನ್ ಆದ 160 ರೋಗಿಗಳ ಎದುರು ಬೇರೆ ಬೇರೆ ಚಿತ್ರಗಳನ್ನು ಇಟ್ಟು ನೋಡಿದರು. ನೀರು, ಮರಗಳಿದ್ದ ಚಿತ್ರ ಆತಂಕ ಇಳಿಸಿತು. ನೇರ ಗೆರೆಗಳ ಅಮೂರ್ತ ಚಿತ್ರ ಇಟ್ಟವರ ಆತಂಕ, ಚಿತ್ರವನ್ನೇ ಇಡದವರಿಗಿಂತಲೂ ಹೆಚ್ಚಿತ್ತು.

ಇದರಿಂದ ಅಮೂರ್ತ ಚಿತ್ರವೇ ಕೆಟ್ಟದ್ದು ಎಂದು ತೀರ್ಮಾನಿಸಿದರೆ ಅದೂ ತಪ್ಪು. ಎದೆ ಕೊಯ್ಸಿಕೊಂಡು ಮಲಗಿದವರು ಏಳಲಾರರು, ತಿರುಗಲಾರರು, ಚಿತ್ರವನ್ನು ಆರಿಸಿದವರೂ ಅವರಲ್ಲ. ನೀವು ಆರಿಸಿ, ಇಷ್ಟಪಟ್ಟು, ದುಡ್ಡು ಕೊಟ್ಟು ತಂದಿದ್ದೀರಿ. ಅರ್ಥ ಇದೇ ಎಂದು ಹೇಳದ ಚಿತ್ರವನ್ನು ನೋಡುವವರ ಮನಸ್ಸು ತನ್ನ ಆಗಿನ ಸ್ಥಿತಿಯಿಂದ ತುಂಬಿಕೊಳ್ಳುತ್ತದೆ. ನೆಮ್ಮದಿಯಲ್ಲಿರುವವರಿಗೆ ಅದು ತೆರೆದ ಬಯಲು, ಗಾಬರಿಯಲ್ಲಿರುವವರಿಗೆ ಗಾಬರಿಯ ಕನ್ನಡಿ. ಹಾಗಾಗಿ ರೋಗಿಯ ಮಂಚದ ಎದುರು, ಬಾಣಂತಿ ಕೋಣೆಯಲ್ಲಿ, ಕತ್ತಲಿಗೆ ಹೆದರುವ ಮಗುವಿನ ಕೋಣೆಯಲ್ಲಿ ಗಾಢ ಬಣ್ಣದ ಅಮೂರ್ತ ಚಿತ್ರ ಬೇಡ ಎನ್ನುವುದು ಒಳ್ಳೆಯ ಸಲಹೆ. ಹಾಲ್‌ಗೆ ಆ ಕಟ್ಟು ಇಲ್ಲ.

ಅಮೂರ್ತ ನಿಮ್ಮ ಸೀಮೆಗೆ ಹೊಸದೂ ಅಲ್ಲ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ಮಾವನವರು ಖಂಡಿತ ನೋಡಿರುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆ, ಚೌಕ, ತ್ರಿಕೋನ. ನೆಲವೆಲ್ಲ ಕೆಂಪು ಗಾರೆ, ಗೋಡೆಯೂ ಕೆಂಪು, ಅದರ ನಡುವೆ ತಲೆಮಾರುಗಳು ನೆಮ್ಮದಿಯಾಗಿ ಬದುಕಿವೆ. ಆ ಕೆಂಪು ಹೆದರಿಸದೆ ಈ ಕೆಂಪು ಯಾಕೆ ಹೆದರಿಸುತ್ತದೆ ಎಂಬುದಕ್ಕೆ ಉತ್ತರ ಬೆಳಕಿನಲ್ಲಿದೆ.

ಬೆಳಕಿನ ಲೆಕ್ಕ

ಚಿತ್ರಸಂತೆ ನಡೆಯುವುದು ಕುಮಾರಕೃಪ ರಸ್ತೆಯಲ್ಲಿ, ಬಯಲಲ್ಲಿ, ಜನವರಿಯ ತಿಳಿ ಬಿಸಿಲಿನಲ್ಲಿ. ಬೆಳಕಿನ ಪ್ರಮಾಣವನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಹಗಲು ಮರದ ನೆರಳಿನಲ್ಲೂ ಕೆಲವು ಸಾವಿರ ಲಕ್ಸ್ ಇರುತ್ತದೆ. ನಿಮ್ಮ ಹಾಲ್‌ನ ಎರಡು ಟ್ಯೂಬ್‌ಲೈಟ್ ಸೇರಿ ಸುಮಾರು 4,000 ಲೂಮೆನ್ ಕೊಡುತ್ತವೆ, ಲೂಮೆನ್ ಎಂದರೆ ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ. ಅದು 250 ಚದರಡಿಗೆ ಹರಡಿ, ಅರ್ಧದಷ್ಟು ಗೋಡೆ ಸೀಲಿಂಗಿನಲ್ಲಿ ಕಳೆದು, ಚಿತ್ರದ ಮೇಲೆ ಬೀಳುವುದು 40ರಿಂದ 60 ಲಕ್ಸ್. ಕಾಗದದ ಮೇಲಿನ ಜಲವರ್ಣ ಮಾಸದಿರಲಿ ಎಂದು ವಸ್ತುಸಂಗ್ರಹಾಲಯಗಳು ಬೇಕೆಂದೇ ಇಡುವ ಮಂದ ಬೆಳಕು 50 ಲಕ್ಸ್. ಎಣ್ಣೆ ಬಣ್ಣ, ಅಕ್ರಿಲಿಕ್ ಚಿತ್ರಗಳಿಗೆ ಅವರು ಇಡುವುದು 150ರಿಂದ 200. ನಿಮ್ಮ ಚಿತ್ರ ತನಗೆ ಬೇಕಾದ್ದರ ಮೂರನೇ ಒಂದು ಭಾಗದಲ್ಲಿ ಬದುಕುತ್ತಿದೆ.

ಪ್ರಮಾಣ ಒಂದು ಕಡೆಯಾದರೆ, ಬೆಳಕಿನ ಗುಣ ಇನ್ನೊಂದು ಕಡೆ. ಸೀರೆ ಅಂಗಡಿಯಲ್ಲಿ ಆರಿಸಿದ ಸೀರೆಯನ್ನು ಬಾಗಿಲ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡುವುದನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದೇ ಬಟ್ಟೆ ಎರಡು ಬೆಳಕಿನಲ್ಲಿ ಎರಡು ಬಣ್ಣ. ಅಗ್ಗದ ಎಲ್‌ಇಡಿ ಬಿಳಿಯಾಗಿ ಕಂಡರೂ ಅದರೊಳಗೆ ನೀಲಿ ಹೆಚ್ಚು, ಗಾಢ ಕೆಂಪು ತೀರ ಕಡಿಮೆ. ಬೆಳಕಿನಲ್ಲಿ ಇಲ್ಲದ ಕೆಂಪನ್ನು ಚಿತ್ರ ಎಲ್ಲಿಂದ ತಿರುಗಿಸಿ ಕೊಡಬೇಕು? ಹಾಗಾಗಿ ಇಟ್ಟಿಗೆ ಪುಡಿ.

ಡಬ್ಬದ ಮೇಲೆ ಎರಡು ಸಂಖ್ಯೆ ನೋಡಿ. 6500 ಕೆಲ್ವಿನ್ ಎಂದಿದ್ದರೆ ಅದು ನೀಲಿ ಛಾಯೆಯ ಬಿಳಿ. ಸಂಜೆ ಕೂರುವ ಕೋಣೆಗೆ 3000ರಿಂದ 4000 ಸಾಕು. ಇನ್ನೊಂದು ಸಿಆರ್‌ಐ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವುದಕ್ಕೆ 100ಕ್ಕೆ ಕೊಡುವ ಅಂಕ ಅದು. ಮಾಮೂಲಿ ಟ್ಯೂಬ್‌ಲೈಟ್‌ನದು 80. ಅಷ್ಟು ಸಾಕಲ್ಲ ಅನ್ನಿಸುತ್ತದೆ, ಆದರೆ ಆ 80 ಎಂಟು ಮಂಕು ಬಣ್ಣಗಳ ಸರಾಸರಿ, ಗಾಢ ಕೆಂಪು ಅದರಲ್ಲಿ ಲೆಕ್ಕಕ್ಕೇ ಇಲ್ಲ. ಗಾಢ ಕೆಂಪಿಗೆ ಆರ್‌9 ಎಂದು ಬೇರೆ ಅಂಕವಿದೆ, 80 ಸಿಆರ್‌ಐ ದೀಪದಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೂ ಇರಬಹುದು. ಅಂಗಡಿಯವರನ್ನು ಕೇಳುವಾಗ ಬರೀ ವಾರ್ಮ್ ವೈಟ್ ಕೊಡಿ ಎನ್ನಬೇಡಿ, ಅವರು 80ರದ್ದನ್ನೇ ಹಳದಿ ಮಾಡಿ ಕೊಡುತ್ತಾರೆ. ಸಿಆರ್‌ಐ 90ಕ್ಕಿಂತ ಮೇಲೆ, ಆರ್‌9 ಕನಿಷ್ಠ 50 ಎಂದು ಕೇಳಿ, ಡಬ್ಬದ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ.

ಎಲೆಕ್ಟ್ರಿಷಿಯನ್‌ಗೆ ಕೊಡಬೇಕಾದ ಅಳತೆ ಹೀಗೆ. 5 ವಾಟ್‌ನ ಎರಡು ಸ್ಪಾಟ್ ಲೈಟ್, ಬೆಳಕಿನ ಕೋನ 36 ಡಿಗ್ರಿ. 7 ವಾಟ್‌ನ ಒಂದೇ ದೀಪ ಹಾಕಿದರೆ ಐದಡಿ ಅಗಲದ ಚಿತ್ರದ ನಡುವೆ ಮೂರಡಿಯ ಬೆಳಕಿನ ತಟ್ಟೆ ಬೀಳುತ್ತದೆ, ಎರಡೂ ತುದಿ ಕತ್ತಲೆ. ದೀಪ ಗೋಡೆಯಿಂದ ಎಷ್ಟು ದೂರ ಎಂಬುದು ಮುಖ್ಯ. ಸೀಲಿಂಗಿನ ಎತ್ತರದಿಂದ ಚಿತ್ರದ ಮಧ್ಯದ ಎತ್ತರ ಕಳೆದು 0.58ರಿಂದ ಗುಣಿಸಿ. ನಿಮ್ಮಲ್ಲಿ 9 ಅಡಿಯಿಂದ 4.75 ಕಳೆದರೆ 4.25, ಗುಣಿಸಿದರೆ ಸುಮಾರು ಎರಡೂವರೆ ಅಡಿ. ಬೆಳಕು 30 ಡಿಗ್ರಿಯಲ್ಲಿ ಇಳಿಯುತ್ತದೆ. ಇದಕ್ಕಿಂತ ಹತ್ತಿರ ತಂದರೆ ಬಣ್ಣದ ಉಬ್ಬುತಗ್ಗುಗಳೆಲ್ಲ ಉದ್ದುದ್ದ ನೆರಳು ಬಿಟ್ಟು ಚಿತ್ರ ಗಾರೆ ಕೆಲಸದಂತೆ ಕಾಣುತ್ತದೆ. ದೂರ ಹಾಕಿದರೆ ಹೊಳಪು ಕಣ್ಣಿಗೆ ಹೊಡೆಯುತ್ತದೆ, ನಿಂತವರ ತಲೆಯ ನೆರಳೂ ಚಿತ್ರದ ಮೇಲೆ. ಫಾಲ್ಸ್ ಸೀಲಿಂಗ್ ಕೊರೆಯುವ ಮೊದಲು ಉದ್ದ ವಯರಿನ ಹೋಲ್ಡರ್ ಒಂದನ್ನು ಏಣಿಯ ಮೇಲೆ ಅದೇ ಜಾಗದಲ್ಲಿ ಹಿಡಿಸಿ, ಸೋಫಾದಲ್ಲಿ ಕೂತು ನೋಡಿ. ಐದು ನಿಮಿಷದ ಈ ಕೆಲಸ ಬಿಟ್ಟದ್ದಕ್ಕೆ ಆಮೇಲೆ ತೂತು ಮುಚ್ಚಿಸುವವರು ಬಹಳ. ದೀಪಕ್ಕೆ ಡಿಮ್ಮರ್ ಇರಲಿ. ಡಿಮ್ಮರ್‌ಗೆ ಹೊಂದುವ ಎಲ್‌ಇಡಿಯೇ ಬೇಕು, ಇಲ್ಲವಾದರೆ ಮಿಣುಕುತ್ತದೆ.

ನೋಡುವವರ ವಯಸ್ಸೂ ಈ ಲೆಕ್ಕಕ್ಕೆ ಸೇರುತ್ತದೆ. 60 ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ವಯಸ್ಸಿನವರಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟು ಮಾತ್ರ. ನಿಮಗೆ 50 ಲಕ್ಸ್ ಮಂಕಾದರೆ ಮಾವನವರಿಗೆ ಅದು ಇರುಳು.

ಚಿತ್ರದಲ್ಲಿ ನಿಂತವರು ಯಾರು

ಇದನ್ನು ಮಾವನವರ ಭ್ರಮೆ ಎಂದು ತಳ್ಳಿಹಾಕಬೇಡಿ. ಅವರು ಕಂಡದ್ದನ್ನು ನೀವೂ ಕಾಣಬಹುದು. ಸಂಜೆ ಹಿತ್ತಲಿನ ದಾಸವಾಳವನ್ನು ಗಮನಿಸಿ. ಹೊತ್ತು ಮುಳುಗುವಾಗ ಉರಿಯುವ ಕೆಂಪು ಹೂವು ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ, ಆದರೆ ಅದರ ಎಲೆ ಇನ್ನೂ ಕಾಣುತ್ತಿರುತ್ತದೆ. ಬೆಳಕು ಕುಂದಿದಂತೆ ಕಣ್ಣು ಹಗಲಿನ ಕೋಶಗಳಿಂದ ಇರುಳಿನ ಕೋಶಗಳಿಗೆ ದಾಟುತ್ತದೆ. ಇರುಳಿನ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ನೀಲಿ-ಹಸಿರು ಚೆನ್ನಾಗಿ ಕಾಣುತ್ತದೆ. ಬೊಹೆಮಿಯಾದ ಪುರ್ಕಿಂಜೆ ಎಂಬ ಶರೀರಶಾಸ್ತ್ರಜ್ಞ 19ನೇ ಶತಮಾನದ ಮೊದಲ ಭಾಗದಲ್ಲೇ ಇದನ್ನು ಗುರುತಿಸಿದ್ದ.

ಈಗ ನಿಮ್ಮ ಚಿತ್ರಕ್ಕೆ ಬನ್ನಿ. ಆರೂವರೆ ಗಂಟೆ, ಇನ್ನೂ ದೀಪ ಹಾಕಿಲ್ಲ. ಕೆಂಪು ಮುಳುಗಿ ಕಪ್ಪಿನೊಂದಿಗೆ ಒಂದಾಗಿದೆ. ಉಳಿದದ್ದು ಮೇಲಿಂದ ಕೆಳಕ್ಕೆ ಇಳಿದ ಆ ನೀಲಿ ಪಟ್ಟೆ, ನಾಲ್ಕಡಿ ಎತ್ತರ, ಅಂಚು ಮಸುಕು. ಪೊರೆ ನೀಲಿಯನ್ನು ಸ್ವಲ್ಪ ತಡೆದರೂ ಅಂಚುಗಳನ್ನು ಇನ್ನಷ್ಟು ಕಲಸುತ್ತದೆ. ಕತ್ತಲಲ್ಲಿ ನೆಟ್ಟಗೆ ನಿಂತ ಮಸುಕು ಆಕಾರವನ್ನು ಮನುಷ್ಯನ ಮೆದುಳು ಮೊದಲು ಮನುಷ್ಯ ಎಂದೇ ಓದುತ್ತದೆ. ಹಸೆ ಚಿತ್ತಾರ ಹೀಗೆ ಹೆದರಿಸುವುದಿಲ್ಲ, ಏಕೆಂದರೆ ಗಾಢ ಕೆಂಪಿನ ಮೇಲೆ ಬಿಳಿ ಗೆರೆ ಬುಡ್ಡಿ ದೀಪದಲ್ಲೂ ಬಿಡಿಬಿಡಿಯಾಗಿ ಕಾಣುತ್ತದೆ. ಕೆಂಪು-ಕಪ್ಪಿನ ಜೋಡಿಗೆ ಆ ಬಲವಿಲ್ಲ.

ಪರಿಹಾರ ಸರಳ. ಚಿತ್ರದ ಸ್ಪಾಟ್ ಲೈಟನ್ನು ಆರು ಗಂಟೆಗೇ, ಬೆಳಕು ಇರುವಾಗಲೇ ಹಾಕಿ. ಕತ್ತಲಾದ ಮೇಲೆ ಹಾಕುವುದಲ್ಲ. ಟೈಮರ್ ಇಟ್ಟರೆ ಇನ್ನೂ ಒಳ್ಳೆಯದು.

ಪೊರೆ ಬಣ್ಣಗಳನ್ನು ಎಷ್ಟು ಬದಲಿಸುತ್ತದೆ ಎನ್ನುವುದಕ್ಕೆ ಫ್ರಾನ್ಸಿನ ಚಿತ್ರಕಾರ ಮೊನೆಯ ಚಿತ್ರಗಳೇ ಸಾಕ್ಷಿ. ಪೊರೆ ಬಲಿತ ವರ್ಷಗಳಲ್ಲಿ ಅವರ ಕೊಳ, ಸೇತುವೆಗಳೆಲ್ಲ ಕಂದು-ಕೆಂಪಿಗೆ ಜಾರಿದವು. 1923ರಲ್ಲಿ ಬಲಗಣ್ಣಿನ ಆಪರೇಷನ್ ಆದ ಮೇಲೆ ಎಲ್ಲವೂ ವಿಪರೀತ ನೀಲಿ ಎಂದು ಅವರು ಗೊಣಗಿದರು. ಮಾವನವರಿಗೂ ಆಪರೇಷನ್ ನಂತರ ಇದೇ ಚಿತ್ರ ಬೇರೆ ಚಿತ್ರವಾಗಿ ಕಂಡೀತು. ಅದಕ್ಕಾಗಿಯೂ ಈಗ ಮಾರಬೇಡಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಖಾಲಿ ಗೋಡೆಯಲ್ಲಿ, ಹಾಡಹಗಲಿನಲ್ಲಿ, ಬೇರೆ ಕೋಣೆಯಲ್ಲೂ ಅವರಿಗೆ ಆಕೃತಿಗಳು ಕಾಣುತ್ತಿದ್ದರೆ ಅದು ದೀಪದ ವಿಷಯವಲ್ಲ. ದೃಷ್ಟಿ ಬಹಳ ಕುಂದಿದವರಲ್ಲಿ ಹೀಗೆ ಇಲ್ಲದ ಆಕೃತಿಗಳು ಕಾಣುವುದುಂಟು, ಅದು ಹುಚ್ಚಲ್ಲ. ಬೇರೆ ಕಾರಣಗಳೂ ಇರಬಹುದು. ಕಣ್ಣಿನ ವೈದ್ಯರಿಗೆ ತಡಮಾಡದೆ ತೋರಿಸಿ, ಮುಚ್ಚುಮರೆಯಿಲ್ಲದೆ ಹೇಳಿ.

ಮಗಳ ತಲೆನೋವು ಮತ್ತು ಲೂವರ್ ಪ್ಯಾನೆಲ್

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದು. ಒಂದಾದ ಮೇಲೊಂದು ಕಪ್ಪು-ಬಿಳಿ ಪಟ್ಟಿ, ಎದ್ದುಕಾಣುವ ವ್ಯತ್ಯಾಸ, ಸಮ ಅಂತರ: ಮನುಷ್ಯನ ಕಣ್ಣಿಗೆ ಅತಿ ಕಿರಿಕಿರಿ ಮಾಡುವ ವಿನ್ಯಾಸ ಯಾವುದು ಎಂದು ಹುಡುಕಿದ ಸಂಶೋಧಕರಿಗೆ ಸಿಕ್ಕಿದ್ದು ಇದೇ. ನೋಟದ ಒಂದು ಡಿಗ್ರಿಯೊಳಗೆ ಸುಮಾರು ಮೂರು ಜೋಡಿ ಪಟ್ಟಿ ಬಂದಾಗ ತೊಂದರೆ ತುತ್ತತುದಿಯಲ್ಲಿರುತ್ತದೆ. ಅರೆತಲೆನೋವಿನವರಿಗೆ ನೋವು ಎಬ್ಬಿಸಬಲ್ಲದು, ಬೆಳಕಿನಿಂದ ಮೂರ್ಛೆ ಬರುವ ಪೈಕಿಯವರಿಗೆ ಅದನ್ನೂ ತರಬಲ್ಲದು.

ನಿಮ್ಮ ಹಾಲ್‌ನ ಲೆಕ್ಕ ಮಾಡೋಣ. ಸೋಫಾದಲ್ಲಿ ಕೂತವರ ಕಣ್ಣಿನಿಂದ ಎದುರು ಗೋಡೆಗೆ ಸುಮಾರು 12 ಅಡಿ. ಆ ದೂರದಲ್ಲಿ ಒಂದು ಡಿಗ್ರಿ ಎಂದರೆ 6.4 ಸೆಂಟಿಮೀಟರ್. ಸ್ಕೇಲ್ ಹಿಡಿದು ಒಂದು ಕಪ್ಪು, ಒಂದು ಬಿಳಿ ಸೇರಿ ಎಷ್ಟು ಎಂದು ಅಳೆಯಿರಿ. ಎರಡು ಸೆಂಟಿಮೀಟರ್ ಇದ್ದರೆ ಡಿಗ್ರಿಗೆ ಮೂರು ಜೋಡಿ, ಅಂದರೆ ನೇರವಾಗಿ ಆ ಕೆಟ್ಟ ಅಂತರದಲ್ಲೇ ಕೂತಿದೆ. ಅದರ ನಡುವೆ ಟಿವಿ ಇರುವುದರಿಂದ ಕಣ್ಣು ಗಂಟೆಗಟ್ಟಲೆ ಅಲ್ಲೇ.

ಅದನ್ನು ಕೀಳಿಸುವ ಮೊದಲು ಪರೀಕ್ಷಿಸಿ. ಒಂದೇ ಬಣ್ಣದ ಹತ್ತಿಯ ಹಾಸಿಗೆ ಬಟ್ಟೆಯನ್ನು ಪ್ಯಾನೆಲ್ ಮೇಲೆ ಪೂರ್ತಿ ಇಳಿಬಿಡಿ, ಟಿವಿ ಮಾತ್ರ ಕಾಣಲಿ. ಮೂರು ವಾರ ಬಿಡಿ. ಮಗಳು ನೋವು ಬಂದ ದಿನ, ಹೊತ್ತು ಬರೆದಿಡಲಿ. ಕಡಿಮೆಯಾದರೆ ಕಾರಣ ಸಿಕ್ಕಿತು. ಆಗ ಪ್ಯಾನೆಲ್ ಕಿತ್ತು ಎಸೆಯಬೇಕಾಗಿಲ್ಲ, ಬಿಳಿ ಭಾಗವನ್ನು ಕಪ್ಪಿಗೆ ಹತ್ತಿರದ ಬೂದು ಬಣ್ಣಕ್ಕೆ ತಂದರೂ ವ್ಯತ್ಯಾಸ ಇಳಿದು ಕಾಟ ತಗ್ಗುತ್ತದೆ. ಪಿವಿಸಿ ಪ್ಯಾನೆಲ್ ಆದರೆ ನುಣುಪು ಉಜ್ಜಿ, ಅದಕ್ಕೆ ಹಿಡಿಯುವ ಪ್ರೈಮರ್ ಹೊಡೆದೇ ಬಣ್ಣ ಹಾಕಬೇಕು. ಇಲ್ಲವಾದರೆ ಉಗುರು ತಾಗಿದರೆ ಸಿಪ್ಪೆ ಏಳುತ್ತದೆ.

ಜೊತೆಗೆ ಟ್ಯೂಬ್‌ಲೈಟ್‌ನ ಮಿಣುಕನ್ನೂ ನೋಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಒಳಗಿನ ಡ್ರೈವರ್ ಕಳಪೆಯಾದರೆ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ತಿಳಿಯದು, ಕೆಲವರ ತಲೆಗೆ ತಿಳಿಯುತ್ತದೆ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಬೆಳಕು ಉಸಿರಾಡಿದಂತೆ ಏರಿ ಇಳಿದರೆ ಆ ದೀಪ ಬದಲಿಸಿ. ತಲೆನೋವಿಗೆ ಇವೆರಡೇ ಕಾರಣ ಎಂದು ನಾನು ಹೇಳುತ್ತಿಲ್ಲ. 14ರ ವಯಸ್ಸಿನಲ್ಲಿ ನೋವು ಹೆಚ್ಚಾಗಿದ್ದರೆ ವೈದ್ಯರ ಭೇಟಿ ಬೇರೆಯಾಗಿ ಆಗಲೇಬೇಕು.

ಜಾಗ ಯಾಕೆ ಬದಲಾಗಬೇಕು

ಪಶ್ಚಿಮದ ಕಿಟಕಿ ನೇರ ಎದುರಿಗಿದೆ. ನಾಲ್ಕರಿಂದ ಆರರವರೆಗೆ ಇಳಿಬಿಸಿಲು ಚಿತ್ರದ ಮೈಮೇಲೇ. ಹಾರ್ವರ್ಡ್ ವಿಶ್ವವಿದ್ಯಾಲಯ 1960ರ ದಶಕದಲ್ಲಿ ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾತ್ಕೋ ಅವರಿಂದ ಊಟದ ಕೋಣೆಯೊಂದಕ್ಕೆ ದೊಡ್ಡ ಕೆಂಪು ಚಿತ್ರಗಳನ್ನು ಬರೆಸಿ ಹಾಕಿತು. ದೊಡ್ಡ ಕಿಟಕಿಗಳು, ಪರದೆ ಎಳೆಯುವವರಿಲ್ಲ. ಅವುಗಳಲ್ಲಿದ್ದ ಲಿಥಾಲ್ ಕೆಂಪು ಎಂಬ ಬಣ್ಣ ಬಿಸಿಲಿಗೆ ಬಾಳದು. 1979ರ ಹೊತ್ತಿಗೆ ಮಾಸಿ ಹೋದ ಚಿತ್ರಗಳನ್ನು ಇಳಿಸಿ ಕತ್ತಲೆ ಕೋಣೆಗೆ ಸೇರಿಸಬೇಕಾಯಿತು. 2014ರಲ್ಲಿ ಪ್ರೊಜೆಕ್ಟರ್‌ನಿಂದ ಕಳೆದುಹೋದ ಬಣ್ಣವನ್ನು ಬೆಳಕಾಗಿ ಮೇಲೆ ಬೀಳಿಸಿ ಜನರಿಗೆ ತೋರಿಸಿದರು. ಹಚ್ಚಿ ಸರಿಪಡಿಸುವ ದಾರಿ ಇರಲಿಲ್ಲ.

ನಿಮ್ಮ ಚಿತ್ರದ ಕೆಂಪು ಯಾವುದು ಎಂದು ಕಲಾವಿದರನ್ನೇ ಕೇಳಿ. ಕ್ಯಾಡ್ಮಿಯಂ ಕೆಂಪಾದರೆ ಗಟ್ಟಿ. ಫ್ಲೋರೆಸೆಂಟ್ ಬಣ್ಣ ಸೇರಿಸಿದ್ದರೆ ಬಿಸಿಲಿನಲ್ಲಿ ಬೇಗ ಹೋಗುತ್ತದೆ. ಚೌಕಟ್ಟು ಹಾಕಿಸಿದ್ದರೆ ಅದರ ಅಂಚಿನಡಿ ಮುಚ್ಚಿಕೊಂಡ ಬಣ್ಣವನ್ನು ವರ್ಷಕ್ಕೊಮ್ಮೆ ಹೊರಗಿನದರೊಂದಿಗೆ ಹೋಲಿಸಿ, ಮಾಸುತ್ತಿದೆಯೇ ಎಂದು ತಿಳಿಯುತ್ತದೆ.

ಉತ್ತರ, ದಕ್ಷಿಣ ಎರಡು ಗೋಡೆಗಳಲ್ಲಿ ನಾನು ದಕ್ಷಿಣದ್ದನ್ನು ಆರಿಸುತ್ತೇನೆ. ಚಳಿಗಾಲದಲ್ಲಿ ಸೂರ್ಯ ನೈಋತ್ಯಕ್ಕೆ ಸರಿದು ಮುಳುಗುವುದರಿಂದ ಸಂಜೆಯ ಕಿರಣ ಉತ್ತರದ ಗೋಡೆಗೆ ಓರೆಯಾಗಿ ತಾಗುತ್ತದೆ, ನಿಮ್ಮಲ್ಲಿ ಬಿಸಿಲು ಚೊಕ್ಕವಾಗಿರುವ ತಿಂಗಳುಗಳೂ ಅವೇ. ದಕ್ಷಿಣದ ಗೋಡೆಗೆ ತಾಗುವುದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಅದರಲ್ಲಿ ಜೂನ್‌ನಿಂದಾಚೆ ಮೋಡ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಪರದೆ ಎಳೆದರೆ ಆಯಿತು. ಇನ್ನೊಂದು ಲಾಭವಿದೆ. ಸೋಫಾದಲ್ಲಿ ಕೂತವರಿಗೆ ಚಿತ್ರ ಪಕ್ಕಕ್ಕೆ ಬರುತ್ತದೆ. ನೋಡಬೇಕೆನಿಸಿದಾಗ ತಿರುಗಿ ನೋಡಬಹುದು, ಬೇಡವೆಂದರೆ ಅದು ಮುಖಕ್ಕೆ ಮುಖ ಕೊಟ್ಟು ನಿಲ್ಲುವುದಿಲ್ಲ. ಮನೆಯವರೆಲ್ಲರಿಗೂ ಸಮನಾಗಿ ಇಷ್ಟವಿಲ್ಲದ ಚಿತ್ರಕ್ಕೆ ಇದು ತಕ್ಕ ಜಾಗ. ಎಲ್ಲಿ ಹಾಕಬೇಕೆಂದು ತೀರ್ಮಾನಿಸುವ ಮುನ್ನ ಓಡಾಡುವ ದಾರಿ ನೋಡಿ. ಐದಡಿಯ ಚಿತ್ರವನ್ನು ಒಟ್ಟಾಗಿ ಕಾಣಲು ಒಂಬತ್ತು, ಹತ್ತು ಅಡಿ ಹಿಂದೆ ಸರಿಯುವ ಜಾಗ ಬೇಕು. ಮೂರಡಿಯ ಪ್ಯಾಸೇಜಿನಲ್ಲಿ ಇದನ್ನು ಹಾಕಿದರೆ ಬರೀ ಕೆಂಪು ಮೈ ಕಾಣುತ್ತದೆ.

ಬಚ್ಚಲ ಗೋಡೆಯ ಥಂಡಿ ಇನ್ನೊಂದು ಕಾರಣ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಬಿಗಿದು 48 ಗಂಟೆ ಬಿಡಿ. ಹನಿ ಗೋಡೆಯ ಬದಿಗೆ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ, ಬಚ್ಚಲ ಟೈಲ್ಸಿನ ಸಂದು, ಪೈಪಿನ ಜಾಯಿಂಟ್ ನೋಡಿಸಬೇಕು. ಹಾಲ್ ಬದಿಯಿಂದ ಪುಟ್ಟಿ ಹೊಡೆದರೆ ಒಂದು ಮಳೆಗಾಲ ಮುಚ್ಚಿಕೊಂಡಿರುತ್ತದೆ, ಅಷ್ಟೇ. ಹನಿ ಹೊರಬದಿಗೆ ಕಟ್ಟಿದರೆ ತೇವ ಕೋಣೆಯ ಗಾಳಿಯದು, ಕಿಟಕಿ ತೆರೆಯಬೇಕು. ಹೊಸ ಗೋಡೆಯಲ್ಲೂ ಚಿತ್ರದ ಹಿಂದೆ ನಾಲ್ಕು ಮೂಲೆಗೆ ಒಂದೂವರೆ ಸೆಂಟಿಮೀಟರ್ ದಪ್ಪದ ಬಿರಡೆಯ ತುಂಡು ಅಂಟಿಸಿ, ಗಾಳಿ ಆಡಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹಿಂಬದಿ ನೋಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಅದು ನಾರಿನೊಳಗೆ ಇಳಿಯುತ್ತದೆ. ನೆರಳಿನಲ್ಲಿ ಒಣಗಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಶ್ಶಿನಿಂದ ಹೊರಗಡೆ ಝಾಡಿಸಿ. ಬಣ್ಣದ ಬದಿಗೂ ಹಬ್ಬಿದ್ದರೆ ಕೈ ಹಾಕದೆ ಬೆಂಗಳೂರಿನ ಇಂಟ್ಯಾಕ್ ಕಲಾ ಸಂರಕ್ಷಣಾ ಕೇಂದ್ರದಂಥ ಕಡೆ ಕೇಳಿ. ಅಕ್ರಿಲಿಕ್ ಸೆಖೆಗೆ ಮೆತ್ತಗಾಗುವ ಬಣ್ಣ. ಮಳೆ, ಧೂಳು ಎಂದು ಪ್ಲಾಸ್ಟಿಕ್ ಸುತ್ತಿಟ್ಟರೆ ಅದಕ್ಕೇ ಅಂಟಿಕೊಂಡು, ಬಿಡಿಸುವಾಗ ಹೊಳೆಯುವ ಕಲೆ ಉಳಿಯುತ್ತದೆ.

ಗೋಡೆ ಬಣ್ಣದ ವಿಚಾರ. ತಿಳಿ ಹಸಿರು ಕೆಂಪಿಗೆ ಶತ್ರುವಲ್ಲ, ಎದುರು ಬಣ್ಣ ಪಕ್ಕದಲ್ಲಿದ್ದರೆ ಕೆಂಪು ಇನ್ನಷ್ಟು ಎದ್ದೇಳುತ್ತದೆ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ಉಣ್ಣೆ ಸಪ್ಪೆ ಎಂಬ ದೂರು ಬಂದಾಗ, ಬಣ್ಣದ ಮನೆಯ ರಸಾಯನಶಾಸ್ತ್ರಜ್ಞ ಶೆವ್ರೋಲ್ ಪರೀಕ್ಷಿಸಿ, ತಪ್ಪು ಕಪ್ಪಿನದಲ್ಲ, ಅದರ ಪಕ್ಕ ನೇಯ್ದ ಬಣ್ಣದ್ದು ಎಂದು ಕಂಡುಕೊಂಡರು. ಅಲ್ಲಿಂದಲೇ ನೆರೆಬಣ್ಣಗಳ ನಿಯಮಗಳು ಹುಟ್ಟಿದ್ದು. ನಿಮ್ಮ ಗೋಡೆಯ ತೊಂದರೆ ಹಸಿರಲ್ಲ, ಅದು ಚಿತ್ರಕ್ಕಿಂತ ಬಹಳ ಬೆಳ್ಳಗಿರುವುದು. ಬೆಳ್ಳನೆಯ ಸುತ್ತಿನಲ್ಲಿ ಕಪ್ಪು ಚಿತ್ರ ಇನ್ನಷ್ಟು ಕಪ್ಪು. ಸ್ಪಾಟ್ ಲೈಟ್ ಬಂದ ಮೇಲೆ ಇದು ಬಹುಪಾಲು ಸರಿಹೋಗುತ್ತದೆ. ಆಮೇಲೂ ಬೇಕೆನ್ನಿಸಿದರೆ ಆ ಒಂದು ಗೋಡೆಗೆ ಮಾತ್ರ ಮಣ್ಣಿನ ಛಾಯೆಯ ಬೂದು, ಹೊಳಪಿಲ್ಲದ ಎಮಲ್ಷನ್. ಮೊದಲು ಅದೇ ಬಣ್ಣದ ದುಪ್ಪಟಿಯನ್ನು ಚಿತ್ರದ ಹಿಂದೆ ತೂಗಿಬಿಟ್ಟು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಶೇಡ್ ಕಾರ್ಡಿನ ಎರಡಂಗುಲ ಚೂರಿನಿಂದ ತೀರ್ಮಾನಿಸಿದವರು ಸಾಮಾನ್ಯವಾಗಿ ಒಂದು ಮೆಟ್ಟಿಲು ಹೆಚ್ಚು ಗಾಢವಾದ್ದನ್ನೇ ಆರಿಸಿರುತ್ತಾರೆ.

ಹೊಸ ಗೋಡೆಗೆ ತೂಗುಹಾಕುವಾಗ ಚಿತ್ರದ ಮಧ್ಯ ನೆಲದಿಂದ 57 ಅಂಗುಲಕ್ಕೆ ಬರಲಿ. ನಮ್ಮ ಮನೆಗಳಲ್ಲಿ ದೇವರ ಪಟದ ಅಭ್ಯಾಸದಿಂದ ಎಲ್ಲವನ್ನೂ ಬಾಗಿಲ ಮೇಲಿನ ಎತ್ತರಕ್ಕೇ ಹಾಕುತ್ತೇವೆ, ಕೂತು ನೋಡುವ ಕೋಣೆಯಲ್ಲಿ ಅದು ಕತ್ತು ನೋಯಿಸುತ್ತದೆ. ಒಂದೇ ಮೊಳೆ ಬೇಡ, ಎರಡು ಕೊಕ್ಕೆ ಇರಲಿ, ಚಿತ್ರದ ಎರಡು ತುದಿಗಳಿಂದ ಒಂದೊಂದು ಕಾಲುಭಾಗ ಒಳಗೆ. ಗೋಡೆ ಹಗುರ ಎಎಸಿ ಬ್ಲಾಕಿನದಾದರೆ ಮಾಮೂಲಿ ಫಿಶರ್ ಕ್ರಮೇಣ ಸಡಿಲವಾಗಿ ಜಾರುತ್ತದೆ, ಆ ಬ್ಲಾಕಿಗೆಂದೇ ಬರುವ ಆಂಕರ್ ಕೇಳಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಇಡಬೇಡಿ, ಒಳಗೆ ವಯರಿನ ಪೈಪು ಹೋಗಿರುತ್ತದೆ.

ದೀಪ, ಜಾಗ ಎರಡೂ ಬದಲಾದ ಮೇಲೂ ಮಾವನವರಿಗೆ ನೀಲಿ ಪಟ್ಟೆ ಕಾಡಿದರೆ, ಚಿತ್ರವನ್ನು ಕಾಲು ಸುತ್ತು ತಿರುಗಿಸಿ ಹಾಕುವ ದಾರಿಯೂ ಇದೆ. ಅಡ್ಡ ಮಲಗಿದ ಪಟ್ಟೆಯಲ್ಲಿ ಮನುಷ್ಯ ಕಾಣುವುದಿಲ್ಲ, ದಿಗಂತವೋ ಹೊಳೆಯೋ ಕಾಣುತ್ತದೆ. ಆದರೆ ಮೇಲು-ಕೆಳಗು ಬರೆದವರ ತೀರ್ಮಾನ. ಕ್ಯಾನ್ವಾಸ್‌ನ ಹಿಂದೆ ಸಹಿಯ ಬಳಿ ಬಾಣದ ಗುರುತಿದೆಯೇ ನೋಡಿ, ಇದ್ದರೂ ಇಲ್ಲದಿದ್ದರೂ ಕಲಾವಿದರಿಗೆ ಒಂದು ಫೋನ್ ಮಾಡಿ, ಮಾವನವರ ವಿಷಯ ಹೇಳಿ ಕೇಳಿ. ಅವರು ಬೇಡವೆಂದರೆ ತಿರುಗಿಸಬೇಡಿ. ಆಗ ಚಿತ್ರ ನಿಮ್ಮ ಕೋಣೆಗೆ ಹೋಗಲಿ, ಪೊರೆಯ ಆಪರೇಷನ್ ಆಗಿ ಒಂದೆರಡು ತಿಂಗಳು ಕಳೆದ ಮೇಲೆ ಮಾವನವರನ್ನೇ ಕರೆದು ತೋರಿಸಿ, ಹಾಲ್‌ಗೆ ತರುವುದೋ ಬೇಡವೋ ಅವರೇ ಹೇಳಲಿ.